ಅಂತೆಕಂತೆಯ ಕ್ಯಾಮೆರಾಗೆ ಎಷ್ಟು ದಿನ ಕಾಯುವುದು?

"ಕ್ಯಾಮೆರಾ ತೆಗೆದುಕೊಳ್ಳಬೇಕು ಅಂದುಕೊಂಡಿದ್ದೇನೆ" ಎಂದು ಯಾರ ಬಳಿಯಾದರೂ ಹೇಳಿ ನೋಡಿ. ಯಾತಕ್ಕೆ ಬೇಕು, ಕೈಯಲ್ಲಿ ಎಷ್ಟಿದೆ ಎಂದು ಕೇಳುವ ಮೊದಲೇ ಒಂದು ಸಲಹೆ ಬರುತ್ತದೆ: "ಈಗ ಬೇಡ, ಹೊಸ ಮಾಡೆಲ್ ಬರ್ತಿದೆಯಂತೆ." ಅಂಗಡಿಯವರು ಹೇಳುತ್ತಾರೆ, ಅಣ್ಣಂದಿರು ಹೇಳುತ್ತಾರೆ, ಕ್ಯಾಮೆರಾ ಕೈಯಲ್ಲಿ ಹಿಡಿದೇ ನೋಡದವರೂ ಹೇಳುತ್ತಾರೆ. ಆ ಒಂದು 'ಅಂತೆ'ಯನ್ನು ನಂಬಿ ವರ್ಷಗಟ್ಟಲೆ ಸುಮ್ಮನೆ ಕುಳಿತವರು ನಮ್ಮ ಕಾಲೇಜಿನಲ್ಲೇ ಇದ್ದಾರೆ. ನನ್ನ ಅಭಿಪ್ರಾಯ ಇಷ್ಟೇ: ಮಾಡೆಲ್ ನಂಬರನ್ನು ಓದಲು ಕಲಿಯಿರಿ, ಬಾರದ ಮಾಡೆಲ್‌ಗೆ ಕಾಯಬೇಡಿ. ಕಾಯುವುದಕ್ಕೂ ಒಂದು ಬೆಲೆ ಇದೆ. ವಾಣಿಜ್ಯ ಓದುವ ನಾವಾದರೂ ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ನನಗೆ ಈ ವಿಷಯ ಯಾಕೆ ಮುಖ್ಯ ಎಂದು ಮೊದಲು ಹೇಳುತ್ತೇನೆ. ನಮ್ಮ ಮನೆಗಳ ಮದುವೆಯಲ್ಲಿ ಹೆಂಗಸರ ಕಡೆ ಫೋಟೋ ತೆಗೆಯಲು ಹೆಣ್ಣುಮಗಳೇ ಬೇಕು ಎನ್ನುವವರು ಬಹಳ ಜನ. ಆದರೆ ಅಂಥವರು ಸಿಗುವುದು ಕಷ್ಟ. ಕಳೆದ ವರ್ಷ ಖಾಲಾ ಮಗಳ ನಿಕಾಹ್‌ಗೆ ನಾಲ್ಕು ಸ್ಟುಡಿಯೋಗಳಲ್ಲಿ ವಿಚಾರಿಸಿದರೂ ಒಬ್ಬರೂ ಸಿಗಲಿಲ್ಲ. ಕೊನೆಗೆ ಮದುಮಗಳ ಫೋಟೋಗಳೆಲ್ಲ ಯಾರದೋ ಮೊಬೈಲಿನಲ್ಲಿ ತೆಗೆದವು. ಆಮೇಲೆ ನಾನು ಪಕ್ಕದ ಬೀದಿಯ ಒಬ್ಬ ಆಪಾ ಬಳಿ ಕೆಲಸ ಕಲಿತು, ಅವರದೇ ಕ್ಯಾಮೆರಾದಲ್ಲಿ ಮೂರು ಮದುವೆ ಮಾಡಿದ್ದೇನೆ. ಈಗ ನನ್ನದೇ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಳ್ಳುವಷ್ಟು ಹಣ ಕೂಡಿದೆ. ಹಣ ಕೂಡಿದ ದಿನದಿಂದ ಮನೆಯಲ್ಲಿ, ಅಂಗಡಿಯಲ್ಲಿ ಕೇಳುತ್ತಿರುವುದು ಒಂದೇ ಮಾತು: "ಜರಾ ಠೈರೋ."

ಮೊದಲು ನಂಬರಿನ ಲೆಕ್ಕ ನೋಡೋಣ. ಕ್ಯಾನನ್, ನಿಕಾನ್, ಸೋನಿ, ಫ್ಯೂಜಿಫಿಲ್ಮ್ ನಾಲ್ಕೂ ಜಪಾನಿನ ಕಂಪನಿಗಳು. ಆದರೆ ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ.

ಕ್ಯಾನನ್‌ನಲ್ಲಿ ಅಂಕಿಗಳು ಕಡಿಮೆಯಾದಷ್ಟೂ ದರ್ಜೆ ಮೇಲೆ. 1500ಡಿ ಎಂಬ ನಾಲ್ಕಂಕಿಯದು ಹೊಸಬರಿಗೆ. 200ಡಿ, 850ಡಿ ಎಂಬ ಮೂರಂಕಿಯವು ಅದರ ಮೇಲಿನ ಮೆಟ್ಟಿಲು. 80ಡಿ, 90ಡಿ ಇನ್ನೊಂದು ಮೆಟ್ಟಿಲು. 5ಡಿ, 1ಡಿ ಎಂಬ ಒಂದಂಕಿಯವು ಫೋಟೋವನ್ನೇ ವೃತ್ತಿ ಮಾಡಿಕೊಂಡವರಿಗೆ. "1500 ಅಂದರೆ 200ಕ್ಕಿಂತ ದೊಡ್ಡದಲ್ಲವಾ" ಎಂದು ಕೇಳುವವರಿಗೆ ಇದೇ ಉತ್ತರ. 'ಮಾರ್ಕ್' ಎನ್ನುವುದು ತಲೆಮಾರು ತಿಳಿಸುತ್ತದೆ. 5ಡಿ ಬಂದದ್ದು 2005ರಲ್ಲಿ, ಮಾರ್ಕ್ 2 ಬಂದದ್ದು 2008ರಲ್ಲಿ, ಮಾರ್ಕ್ 3 2012ರಲ್ಲಿ, ಮಾರ್ಕ್ 4 2016ರಲ್ಲಿ. ಒಳಗೆ ಕನ್ನಡಿ ಇಲ್ಲದ ಹೊಸ ಆರ್ ಸರಣಿಯಲ್ಲೂ ಹೆಚ್ಚುಕಡಿಮೆ ಇದೇ ನಿಯಮ: ಆರ್100, ಆರ್50, ಆರ್10 ಎಂದು ಮೇಲೇರುತ್ತದೆ. ಆದರೆ ಅಲ್ಲೂ ಒಂದು ಎಡವಟ್ಟು ಇದೆ. ಆರ್7ಗಿಂತ ಆರ್8ರ ಸೆನ್ಸರ್ ದೊಡ್ಡದು.

ಇನ್ನೊಂದು ವಿಚಿತ್ರ ನೋಡಿ. 2019ರಲ್ಲಿ ಬಂದ ಒಂದೇ ಕ್ಯಾಮೆರಾ ಭಾರತದಲ್ಲಿ 200ಡಿಯ ಎರಡನೇ ತಲೆಮಾರು, ಯುರೋಪಿನಲ್ಲಿ 250ಡಿ, ಅಮೆರಿಕದಲ್ಲಿ ರೆಬೆಲ್ ಎಸ್‌ಎಲ್3, ಜಪಾನಿನಲ್ಲಿ ಕಿಸ್ ಎಕ್ಸ್10. ಒಡಲು ಒಂದೇ, ಹೆಸರು ನಾಲ್ಕು. "ಅಮೆರಿಕದಲ್ಲಿ ಹೊಸದು ಬಂದಿದೆ, ಇಲ್ಲಿ ಇನ್ನೂ ಬಂದಿಲ್ಲ" ಎಂದು ಯಾರಾದರೂ ಹೇಳಿದರೆ, ಅದು ಇಲ್ಲಿ ಬೇರೆ ಹೆಸರಿನಲ್ಲಿ ಆಗಲೇ ಅಂಗಡಿಯಲ್ಲಿ ಕುಳಿತಿದೆಯೋ ಏನೋ ನೋಡಿ.

ನಿಕಾನ್‌ನ ನಾಲ್ಕಂಕಿಯ ಮಾಡೆಲ್‌ಗಳಲ್ಲಿ ಮೊದಲ ಅಂಕಿ ದರ್ಜೆ, ಎರಡನೆಯದು ತಲೆಮಾರು. ಡಿ3500ಗಿಂತ ಡಿ5600 ಮೇಲೆ, ಅದಕ್ಕಿಂತ ಡಿ7500 ಮೇಲೆ. ಆದರೆ ಮೂರಂಕಿಯ ಡಿ850 ಇವೆಲ್ಲಕ್ಕಿಂತ ಮೇಲೆ. ಸೋನಿಯಲ್ಲಿ ಆಲ್ಫಾ 7ರ ಮುಂದೆ ಆರ್ ಇದ್ದರೆ ಹೆಚ್ಚು ರೆಸಲ್ಯೂಷನ್, ಎಸ್ ಇದ್ದರೆ ಮಂದ ಬೆಳಕಿಗೆ ಹೆಚ್ಚು ಸೂಕ್ಷ್ಮ. ಆದರೆ ಆಲ್ಫಾ 6500 ಬಂದದ್ದು 2016ರಲ್ಲಿ, ಆಲ್ಫಾ 6400 ಬಂದದ್ದು 2019ರಲ್ಲಿ! ಸಣ್ಣ ನಂಬರಿನದೇ ಹೊಸದು. ಫೋಕಸ್ ಹೊಸದರಲ್ಲಿ ಚೆನ್ನ, ಕೈ ನಡುಗಿದರೂ ಚಿತ್ರ ಅಲುಗದಂತೆ ತಡೆಯುವ ವ್ಯವಸ್ಥೆ ಹಳೆಯದರ ಒಡಲಲ್ಲಿ ಮಾತ್ರ ಇದೆ. ಫ್ಯೂಜಿಯವರು ಎಕ್ಸ್100 ಆದ ಮೇಲೆ ಇಂಗ್ಲಿಷಿನ ಸೆಕೆಂಡ್, ಥರ್ಡ್, ಫೋರ್ತ್ ಪದಗಳ ಮೊದಲಕ್ಷರ ಹಿಡಿದು ಎಸ್, ಟಿ, ಎಫ್ ಎಂದು ಹೆಸರಿಟ್ಟರು. ಐದನೆಯದಕ್ಕೆ ಬರುವಾಗ ರೋಮನ್ ಅಂಕಿಗೆ ಹಾರಿದರು.

ಇದರಿಂದ ತಿಳಿಯುವುದೇನು? ಮಾಡೆಲ್ ನಂಬರ್ ಎಂದರೆ ಆ ಕಂಪನಿ ತನ್ನ ಕಪಾಟಿನಲ್ಲಿ ಆ ಕ್ಯಾಮೆರಾವನ್ನು ಎಲ್ಲಿ ಇಟ್ಟಿದೆ ಎಂಬ ಗುರುತು. ಯಾವ ಬೆಲೆಯ ಗಿರಾಕಿಗೆ ಯಾವುದನ್ನು ತೋರಿಸಬೇಕು ಎಂದು ಮಾರುವವರು ಮಾಡಿಕೊಂಡ ವಿಂಗಡಣೆ. ಕೊಳ್ಳುವವರಿಗೆ ಅಷ್ಟು ಗೊತ್ತಿದ್ದರೆ ಸಾಕು. ಫೋಟೋ ಹೇಗೆ ಬರುತ್ತದೆ ಎಂಬುದು ಆ ಅಂಕಿಯಲ್ಲಿ ಬರೆದಿಲ್ಲ.

ಆದರೆ ಜನ ಅಷ್ಟಕ್ಕೆ ನಿಲ್ಲುವುದಿಲ್ಲ. ಇರುವ ನಂಬರ್ ಬಿಡಿಸಿದ ಮೇಲೆ ಇಲ್ಲದ ನಂಬರಿಗೆ ಕಾಯತೊಡಗುತ್ತಾರೆ. ಕೂಸು ಹುಟ್ಟುವ ಮುನ್ನ ಕುಲಾವಿ ಎಂಬ ಗಾದೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ನಿಕಾನ್ 2009ರಲ್ಲಿ ಡಿ300ಎಸ್ ತಂದಿತು. ಹಕ್ಕಿ, ಪ್ರಾಣಿ, ಆಟೋಟದ ಫೋಟೋ ತೆಗೆಯುವವರಿಗೆ ಅಚ್ಚುಮೆಚ್ಚಿನ ಕ್ಯಾಮೆರಾ. ಮುಂದಿನದು ಡಿ400 ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಈ ವರ್ಷ ಬರುತ್ತದೆ, ಮುಂದಿನ ವರ್ಷ ಬರುತ್ತದೆ ಎಂದು ಕಾದರು. ಡಿ400 ಬರಲೇ ಇಲ್ಲ. 2016ರ ಜನವರಿಯಲ್ಲಿ ಡಿ500 ಬಂತು. ಅಷ್ಟರಲ್ಲಿ ನಮ್ಮ ರಂಗನತಿಟ್ಟಿನ ಹಕ್ಕಿಗಳು ಆರು ಸಲ ಗೂಡು ಕಟ್ಟಿ ಮರಿಗಳನ್ನು ಹಾರಿಸಿದ್ದವು. ಕ್ಯಾನನ್‌ನದೂ ಇದೇ ಕಥೆ. 2014ರಲ್ಲಿ 7ಡಿ ಮಾರ್ಕ್ 2 ಬಂದ ಮೇಲೆ ಮಾರ್ಕ್ 3 ಎಂದು ಕಾದವರಿಗೆ ಅದು ಸಿಗಲೇ ಇಲ್ಲ. 2022ರಲ್ಲಿ ಬಂದದ್ದು ಆರ್7. ಅದಕ್ಕೆ ಲೆನ್ಸ್ ಕೂರುವ ಬಾಯಿಯೇ ಬೇರೆ, ಹಳೆಯ ಲೆನ್ಸ್ ಹಾಕಲು ಅಡಾಪ್ಟರ್ ಬೇಕು.

ನಾಲ್ಕನೇ ಅಂಕಿಯನ್ನು ಜಪಾನಿನವರು ಬಿಡುತ್ತಾರೆ ಎಂಬ ವಿವರಣೆಯೂ ಕೇಳಿಬರುತ್ತದೆ. ಜಪಾನಿ ಭಾಷೆಯಲ್ಲಿ ನಾಲ್ಕಕ್ಕೂ ಸಾವಿಗೂ 'ಶಿ' ಎಂಬ ಒಂದೇ ಉಚ್ಚಾರ ಇರುವುದು ನಿಜ. ನಿಕಾನ್ ಡಿ5300 ಆದ ಮೇಲೆ ಡಿ5400 ಬಿಟ್ಟು ಡಿ5500ಕ್ಕೆ ಹೋದದ್ದೂ ನಿಜ. ಆದರೆ ಅದೇ ನಿಕಾನ್ 2012ರಲ್ಲಿ ಡಿ4, 2016ರಲ್ಲಿ ಡಿ3400 ಮಾರಿತು. ನಂಬರಿನಲ್ಲಿ ಭವಿಷ್ಯ ಓದಲು ಹೊರಟರೆ ಹೀಗೆ ಒಂದು ಕಡೆ ಕೂಡಿದ ಲೆಕ್ಕ ಇನ್ನೊಂದು ಕಡೆ ತಪ್ಪುತ್ತದೆ.

ವದಂತಿಯೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ. ಈಗಿನ ಕ್ಯಾಮೆರಾಗಳಲ್ಲಿ ವೈಫೈ, ಬ್ಲೂಟೂತ್ ಇರುವುದರಿಂದ ಮಾರುವ ಮುಂಚೆ ಹಲವು ದೇಶಗಳಲ್ಲಿ ಸರ್ಕಾರದ ಅನುಮತಿ ಪಡೆಯಬೇಕು. ಆ ಪಟ್ಟಿಯಲ್ಲಿ ಒಂದು ಸಂಕೇತ ಕಂಡರೆ ಏನೋ ಬರುತ್ತಿದೆ ಎಂದು ಊಹಿಸಬಹುದು. ಯಾವ ಬೆಲೆಗೆ, ಯಾವ ತಿಂಗಳು, ನಮ್ಮೂರಿಗೆ ಎಂದು ಎಂಬುದು ಮಾತ್ರ ಅದರಲ್ಲಿ ಇರುವುದಿಲ್ಲ. ಕಂಪನಿ ತಾನೇ ಹೇಳಿದರೂ ಖಾತ್ರಿ ಇಲ್ಲ. 2016ರ ಫೆಬ್ರುವರಿಯಲ್ಲಿ ನಿಕಾನ್ ಡಿಎಲ್ ಎಂಬ ಮೂರು ಕ್ಯಾಮೆರಾಗಳನ್ನು ಪ್ರಕಟಿಸಿತು. ಚಿತ್ರ ಸಂಸ್ಕರಿಸುವ ಚಿಪ್‌ನಲ್ಲಿ ತೊಂದರೆ ಎಂದು ಮುಂದಕ್ಕೆ ಹಾಕಿತು. ಒಂದು ವರ್ಷ ಕಳೆದ ಮೇಲೆ, ಲಾಭ ಬರುವುದಿಲ್ಲ ಎಂದು ಮೂರನ್ನೂ ರದ್ದು ಮಾಡಿತು.

ಕಂಪನಿಗಳು ಬಾಯಿ ಬಿಡದಿರುವುದಕ್ಕೂ ಕಾರಣ ಇದೆ. ಅಮೆರಿಕದ ಆಸ್ಬೋರ್ನ್ ಎಂಬ ಕಂಪ್ಯೂಟರ್ ಕಂಪನಿ 1983ರಲ್ಲಿ ದಿವಾಳಿಯಾಯಿತು. ಮುಂದಿನ ಮಾಡೆಲ್ ಬಗ್ಗೆ ಮುಂಚೆಯೇ ಮಾತಾಡಿದ್ದರಿಂದ ಇದ್ದ ಮಾಡೆಲ್ ಕೊಳ್ಳುವವರು ನಿಂತುಬಿಟ್ಟರು, ಅದೂ ಒಂದು ಕಾರಣ ಎನ್ನುತ್ತಾರೆ. ಅದಕ್ಕೆ 'ಆಸ್ಬೋರ್ನ್ ಪರಿಣಾಮ' ಎಂಬ ಹೆಸರೇ ಬಿದ್ದಿದೆ. ಗಿರಾಕಿ ಕಾದರೆ ತನಗೆ ನಷ್ಟ ಎಂದು ಮಾರುವವನಿಗೆ ಗೊತ್ತು. ಕಾಯುವವನಿಗೂ ನಷ್ಟ ಇದೆ ಎಂಬುದು ಮಾತ್ರ ನಮಗೆ ತಿಳಿಯುವುದಿಲ್ಲ.

ಅರ್ಥಶಾಸ್ತ್ರದಲ್ಲಿ 'ಅವಕಾಶ ವೆಚ್ಚ' ಓದಿದ್ದೇವೆ. ಒಂದನ್ನು ಆರಿಸಿದಾಗ ಕೈಬಿಟ್ಟ ಇನ್ನೊಂದರ ಬೆಲೆ ಅದು. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡು ಅಲ್ಲೇ ಬಿಟ್ಟುಬರುತ್ತೇವೆ. ಈಗ ನನ್ನ ವಿಷಯಕ್ಕೇ ಹಚ್ಚಿ ನೋಡೋಣ. ರಂಜಾನ್‌ನಲ್ಲಿ ನಮ್ಮ ಕಡೆ ಮದುವೆ ಇಲ್ಲ, ಮೊಹರಂನಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. ಈದ್ ಮುಗಿದು ಶವ್ವಾಲ್ ಬಂದರೆ ಒಂದರ ಹಿಂದೆ ಒಂದು. ಹೊಸಬಳಾದ ನನಗೆ ಒಂದು ಮದುವೆಗೆ 2,500 ರೂಪಾಯಿ ಎಂದು ಹಿಡಿದರೂ ನಾಲ್ಕು ಮದುವೆಗೆ 10,000. ಹೊಸ ಮಾಡೆಲ್ ಬಂದು ಹಳೆಯದರ ಬೆಲೆ 3,000 ಇಳಿಯಿತು ಎಂದೇ ಇಟ್ಟುಕೊಳ್ಳಿ. ಮೂರು ಸಾವಿರ ಉಳಿಸಲು ಹತ್ತು ಸಾವಿರ ಬಿಟ್ಟ ಹಾಗಾಯಿತು. ಎರಡೇ ಮದುವೆ ಸಿಕ್ಕರೂ ಕಾದದ್ದು ನಷ್ಟವೇ. ಕೈ ಪಳಗುವ ಅವಕಾಶ ಹೋದದ್ದನ್ನು ನಾನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ.

ಸವಕಳಿ ಪಾಠವೂ ಇಲ್ಲಿ ನಮ್ಮ ಪರವಾಗಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಬೆಲೆ ಇಳಿಯುವ ಭಯ ಅಷ್ಟಿಲ್ಲ. ದೊಡ್ಡ ಪಾಲು ಸವಕಳಿಯನ್ನು ಮೊದಲ ಮಾಲೀಕ ಆಗಲೇ ಹೊತ್ತುಕೊಂಡಿರುತ್ತಾನೆ. ಶಟರ್ ಎಷ್ಟು ಸಲ ಓಡಿದೆ, ಸೆನ್ಸರ್ ಮೇಲೆ ಗೀರು ಇದೆಯೇ, ಬಿಲ್ ಇದೆಯೇ ಎಂದು ನೋಡಿಕೊಂಡರಾಯಿತು.

ಮದುವೆ ಮನೆಯಲ್ಲಿ ಹೆಂಗಸರ ಹಾಲ್ ಎಂದರೆ ಹೆಚ್ಚಾಗಿ ಟ್ಯೂಬ್‌ಲೈಟು, ಝರಿ, ಮಿನುಗು ದೀಪ. ಅಲ್ಲಿ ಬೇಕಿರುವುದು ಬೆಳಕು. ಕ್ಯಾಮೆರಾ ಜೊತೆ ಬರುವ ಮಾಮೂಲಿ ಝೂಮ್ ಲೆನ್ಸ್ ಪೂರ್ತಿ ಎಳೆದಾಗ ಅದರ ಕಿಂಡಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಎಂಎಂನ ಚಿಕ್ಕ ಲೆನ್ಸ್ ಎಫ್ 1.8ರವರೆಗೆ ತೆರೆಯುತ್ತದೆ. ಒಳಬರುವ ಬೆಳಕು ಒಂಬತ್ತು ಪಟ್ಟಿಗೂ ಹೆಚ್ಚು. ಹಳೆಯ ಕ್ಯಾಮೆರಾಗೆ ಈ ಲೆನ್ಸ್ ಹಾಕಿದರೆ ಆಗುವ ವ್ಯತ್ಯಾಸ, ಮಾಡೆಲ್ ನಂಬರ್ ಒಂದು ಮೆಟ್ಟಿಲು ಏರಿದರೆ ಆಗುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆಲದ ಮೇಲೆ ತಪ್ಪು ಹೊರಿಸುವ ಮೊದಲು ಕುಣಿದು ನೋಡಬೇಕು.

ಕಾಯುವುದೇ ಸರಿ ಎನ್ನುವ ಸಂದರ್ಭವೂ ಇದೆ. ಕೈಯಲ್ಲಿ ಕೆಲಸ ಮಾಡುವ ಕ್ಯಾಮೆರಾ ಇರುವವರು ಕಾಯಲಿ. ಕಂಪನಿ ಬೆಲೆ, ದಿನಾಂಕ ಎರಡನ್ನೂ ಹೇಳಿ, ಅದು ಮುಂದಿನ ತಿಂಗಳೇ ಇದ್ದರೆ ಕಾಯಬಹುದು. ಸಾಲ ಮಾಡಿ ಕೊಳ್ಳುವವರಂತೂ ಖಂಡಿತ ಕಾಯಬೇಕು. ಪರೀಕ್ಷೆ ಹತ್ತಿರ ಇದ್ದರೂ ಅಷ್ಟೇ. ನಮ್ಮ ಅಬ್ಬಾ ಹೇಳುವ "ಪಹಲೇ ಪಢಾಯಿ" ಎಂಬ ಮಾತಿಗೆ ನನ್ನ ಬಳಿ ಎದುರು ಮಾತಿಲ್ಲ. ಅದಕ್ಕೇ ರಜೆಯ ದಿನಗಳ ಮದುವೆ ಮಾತ್ರ ಎಂದು ಒಪ್ಪಂದ ಆಗಿದೆ. ಆದರೆ ಇವೆಲ್ಲ ಕಾರಣ ಇರುವ ಕಾಯುವಿಕೆ. 'ಬರ್ತಿದೆಯಂತೆ' ಎನ್ನುವುದು ಕಾರಣವೇ ಅಲ್ಲ.

ಇನ್ನೊಂದು ಮಾತನ್ನು ಹೆಣ್ಣುಮಕ್ಕಳ ಪರವಾಗಿ ಹೇಳಬೇಕು. ಕಾಯಿ ಎಂಬ ಮಾತು ನಮಗೆ ಕ್ಯಾಮೆರಾ ಅಂಗಡಿಯಲ್ಲಿ ಮಾತ್ರ ಕೇಳಿಸುವುದಿಲ್ಲ. ಪಿಯುಸಿ ಆಗಲಿ, ಅಣ್ಣನ ಕೆಲಸ ಆಗಲಿ, ಮದುವೆ ಆದ ಮೇಲೆ ನೋಡೋಣ. ಹುಡುಗರಿಗೆ ಎರಡು ವರ್ಷ ತಡವಾದರೆ ಕ್ಯಾಮೆರಾ ಎರಡು ವರ್ಷ ತಡವಾಗಿ ಬರುತ್ತದೆ, ಅಷ್ಟೇ. ನನ್ನ ಎಷ್ಟೋ ಗೆಳತಿಯರಿಗೆ ಎರಡು ವರ್ಷ ತಡ ಎಂದರೆ ಬಂದ ಅವಕಾಶ ಪೂರ್ತಿ ಹೋದ ಹಾಗೆ. ನಮಗೆ ಈಗ ಇರುವ ಈ ಎರಡು ಮೂರು ವರ್ಷಗಳಿಗೆ ಮಾರ್ಕ್ 2 ಬರುವುದಿಲ್ಲ. ಪ್ರೀತಿಯಿಂದಲೇ ಸಲಹೆ ಕೊಡುವ ಅಣ್ಣಂದಿರು, ಉಪನ್ಯಾಸಕರು ಇದನ್ನೂ ಸ್ವಲ್ಪ ಯೋಚಿಸಬೇಕು. ನಮ್ಮ ಮನೆಯಲ್ಲಿ ಸಬರ್ ಎನ್ನುತ್ತಾರೆ, ಇಂತಜಾರ್ ಎಂದೂ ಎನ್ನುತ್ತಾರೆ. ಎರಡೂ ಒಂದೇ ಅಲ್ಲ. ಕೆಲಸ ಮಾಡುತ್ತಾ ತಾಳಿಕೊಳ್ಳುವುದು ಸಬರ್. ಏನೂ ಮಾಡದೆ ದಾರಿ ನೋಡುವುದು ಇಂತಜಾರ್.

ನಾನು ಈದ್‌ಗೆ ಮುಂಚೆ ಒಂದು ಹಳೆಯ 200ಡಿ ಮತ್ತು 50 ಎಂಎಂ ಲೆನ್ಸ್ ಕೊಳ್ಳುತ್ತಿದ್ದೇನೆ. ಆಮೇಲೆ ಹೊಸದು ಬಂದರೆ ಬರಲಿ, ಅದರ ನಂಬರ್ ಬಿಡಿಸಿ ನೋಡುವ ಖುಷಿ ಇದ್ದೇ ಇರುತ್ತದೆ. ನಿಮಗೂ ಯಾವುದಾದರೂ ಮಾಡೆಲ್ ನಂಬರ್ ಅರ್ಥವಾಗದಿದ್ದರೆ ಊಟದ ಬಿಡುವಿನಲ್ಲಿ ದ್ವಿತೀಯ ಪಿಯು ವಾಣಿಜ್ಯ ತರಗತಿಗೆ ಬನ್ನಿ, ಕೂತು ಬಿಡಿಸೋಣ. ಬರುವಾಗ 'ಅಂತೆ'ಯನ್ನು ಬಾಗಿಲ ಹೊರಗೆ ಬಿಟ್ಟು ಬನ್ನಿ.