ಎರಡು ಅಡ್ಡಗೆರೆ

ಮಕ್ಕಳೇ, ನಿಮ್ಮಲ್ಲಿ ಎಷ್ಟೋ ಮಂದಿ ದಿನವಿಡೀ ಜಾವಾಸ್ಕ್ರಿಪ್ಟ್ ಬರೆಯುವವರು. ಹಳೆಯ ಕಡತಗಳನ್ನು ಅಳಿಸಲು ಸ್ಕ್ರಿಪ್ಟ್ ಮಾಡಿಕೊಂಡು, ‘ಎನ್‌ಪಿಎಂ ರನ್ ಕ್ಲೀನ್ --ಡ್ರೈ-ರನ್’ ಎಂದು ಟೈಪ್ ಮಾಡಿ, ಬರೀ ಪರೀಕ್ಷೆ ತಾನೆ ಎಂದು ನಿಶ್ಚಿಂತೆಯಿಂದ ಕೂರುತ್ತೀರಲ್ಲ, ಸ್ವಲ್ಪ ತಡೆಯಿರಿ. ಆ ಸೂಚನೆ ಸ್ಕ್ರಿಪ್ಟಿಗೆ ಮುಟ್ಟುವುದೇ ಇಲ್ಲ. ಡ್ರೈ-ರನ್ ಎಂಬ ಸೂಚನೆ ಎನ್‌ಪಿಎಂಗೂ ಉಂಟು. ತನಗೇ ಹೇಳಿದ್ದೆಂದು ಅದು ಇಟ್ಟುಕೊಳ್ಳುತ್ತದೆ. ಏನೂ ಕೇಳಿಸಿಕೊಳ್ಳದ ಸ್ಕ್ರಿಪ್ಟ್ ಕಡತಗಳನ್ನು ನಿಜವಾಗಿಯೇ ಗುಡಿಸಿ ಹಾಕುತ್ತದೆ! ಪಕ್ಕದ ಮನೆಯ ಹುಡುಗನ ಕೈಲಿ ದರ್ಜಿಗೆಂದು ಕೊಟ್ಟ ಚೀಟಿಯನ್ನು ಆ ಹುಡುಗ ತನ್ನ ಜೇಬಿಗೇ ಇಳಿಸಿದ ಹಾಗೆ.

‘ಎನ್‌ಪಿಎಂ ರನ್ ಕ್ಲೀನ್ -- --ಡ್ರೈ-ರನ್’ ಎಂದು ಬರೆಯಿರಿ. ಎರಡೂ ಬದಿ ಜಾಗ ಬಿಟ್ಟ ಆ ಒಂಟಿ ಜೋಡಿಗೆರೆ, ‘ಇಲ್ಲಿಂದಾಚೆ ಸ್ಕ್ರಿಪ್ಟಿಗೆ’ ಎನ್ನುತ್ತದೆ. 2014ರಲ್ಲಿ ಬಂದ ಎನ್‌ಪಿಎಂ 2ರಿಂದ ಈ ಅನುಕೂಲವಿದೆ. (ಇಂಗ್ಲಿಷಿನಲ್ಲಿ ಬಿ.ಎ. ಓದಿದ ನನಗೆ ಡ್ಯಾಶ್ ಎಂದರೆ ವಾಕ್ಯದ ನಡುವಿನ ಉಸಿರು. ಇಲ್ಲಿ ಅದೇ ವಿಳಾಸ!)

ಸ್ಕ್ರಿಪ್ಟಿನೊಳಗೆ ‘ಪ್ರೋಸೆಸ್.ಆರ್ಗ್‌ವಿ’ ಎಂಬ ಪಟ್ಟಿ ಇರುತ್ತದೆ. ಮೊದಲೆರಡು ನೋಡ್‌ನ ದಾರಿ, ಕಡತದ ದಾರಿ. ನಿಮ್ಮ ಮಾತು ಮೂರನೆಯದರಿಂದ. ಮೊದಲು ಆ ಪಟ್ಟಿಯನ್ನು ಪರದೆಗೆ ತರಿಸಿ ಕಣ್ಣಾರೆ ನೋಡಿ, ಅಳಿಸುವ ಸಾಲನ್ನು ಆಮೇಲೆ ಬರೆಯಿರಿ.