ವಾಟ್ ಲೆಕ್ಕ ಕಾಮರ್ಸ್‌ನವರಿಗೂ ಬೇಕು

ಕಳೆದ ಚಳಿಗಾಲದ ಒಂದು ಬೆಳಗಿನ ಜಾವ. ಫಜರ್ ನಮಾಜಿಗೆ ವುಝೂ ಮಾಡಲೆಂದು ಅಮ್ಮಿ ಬಕೆಟ್ ನೀರಿಗೆ ಹೀಟರ್ ರಾಡ್ ಹಾಕಿದ್ದರು. ಸ್ವಲ್ಪ ಹೊತ್ತಿಗೆ ಮನೆಯೆಲ್ಲ ಪ್ಲಾಸ್ಟಿಕ್ ಸುಟ್ಟ ವಾಸನೆ. ಎದ್ದು ನೋಡಿದರೆ ಪ್ಲಗ್ಗು ಕರಗಿ ಬೋರ್ಡಿಗೆ ಅಂಟಿಕೊಂಡಿತ್ತು. ಅಬ್ಬಾ ಓಡಿಹೋಗಿ ಮೇನ್ ಸ್ವಿಚ್ ಆಫ್ ಮಾಡಿದರು. ಅಲ್‌ಹಮ್ದುಲಿಲ್ಲಾಹ್, ಯಾರಿಗೂ ಏನೂ ಆಗಲಿಲ್ಲ.

ಬೋರ್ಡು ಬದಲಿಸಲು ಬಂದ ವೈರಿಂಗ್ ಕೆಲಸದ ಚಾಚಾ ಮೊದಲು ಕೇಳಿದ್ದು, "ರಾಡ್ ಎಷ್ಟು ವಾಟ್?" ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರೇ ಹಿಡಿಯ ಮೇಲಿದ್ದದ್ದನ್ನು ಓದಿದರು: 1500. "230ರಿಂದ ಭಾಗಿಸು ಬೇಟಿ. ಆರೂವರೆ ಆಂಪಿಯರ್. ನೀವು ಹಾಕಿದ್ದು ಆರು ಆಂಪಿಯರ್ ಸಾಕೆಟ್ಟಿಗೆ. ಅದೂ ಹಳೇದು, ಸಡಿಲ." ಚಾಚಾ ಓದಿದ್ದು ಏಳನೇ ತರಗತಿವರೆಗೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ತೆಗೆದಿದ್ದ ನಾನು ಸುಮ್ಮನೆ ನಿಂತಿದ್ದೆ.

ನಾವೆಲ್ಲರೂ ಹತ್ತನೇ ತರಗತಿಯಲ್ಲಿ ಓಮನ ನಿಯಮ ಓದಿದ್ದೇವೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಓಮ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸಾಮರ್ಥ್ಯ, ಅಂದರೆ ವಾಟ್. ಪರೀಕ್ಷೆ ಮುಗಿಯಿತು, ಕಾಮರ್ಸ್ ಸೇರಿದೆವು, "ಅದು ಸೈನ್ಸ್‌ನವರದ್ದು" ಎಂದು ಮರೆತೆವು. ಆದರೆ ಅರ್ಥಶಾಸ್ತ್ರದಲ್ಲಿ ನಾವು ಬೆಲೆಯನ್ನು ಪ್ರಮಾಣದಿಂದ ಗುಣಿಸಿ ಒಟ್ಟು ಆದಾಯ ಕಂಡುಹಿಡಿಯುತ್ತೇವೆ. ವಾಟ್ ಲೆಕ್ಕವೂ ಅಂಥದ್ದೇ ಒಂದು ಗುಣಾಕಾರ. ಇದಕ್ಕಿಂತ ಕಷ್ಟದ್ದನ್ನು ನಾವು ದಿನವೂ ಅಕೌಂಟೆನ್ಸಿಯಲ್ಲಿ ಮಾಡುತ್ತೇವೆ.

ನಮ್ಮ ಮನೆಯ ರಾಡನ್ನೇ ತೆಗೆದುಕೊಳ್ಳಿ. 230 ವೋಲ್ಟನ್ನು 6.5 ಆಂಪಿಯರಿನಿಂದ ಭಾಗಿಸಿದರೆ ಅದರ ರೋಧ ಸುಮಾರು 35 ಓಮ್. ಪ್ಲಗ್ಗು ಸಡಿಲವಾಗಿದ್ದರೆ ಅಲ್ಲೂ ಒಂದಿಷ್ಟು ರೋಧ ಇರುತ್ತದೆ. ಅರ್ಧ ಓಮ್ ಅಂತ ಇಟ್ಟುಕೊಳ್ಳೋಣ. ಆಂಪಿಯರನ್ನು ಆಂಪಿಯರಿನಿಂದಲೇ ಗುಣಿಸಿ, ಮತ್ತೆ ಓಮಿನಿಂದ ಗುಣಿಸಿದರೆ ಅಲ್ಲಿ ಹುಟ್ಟುವ ಶಾಖ ಸಿಗುತ್ತದೆ: ಸುಮಾರು 20 ವಾಟ್. ರೇಡಿಯೊ ರಿಪೇರಿ ಅಂಗಡಿಯಲ್ಲಿ ಸೀಸ ಕರಗಿಸುವ ಸಾಲ್ಡರಿಂಗ್ ಐರನ್ 25 ವಾಟಿನದ್ದು. ಅಂದರೆ ಪ್ಲಾಸ್ಟಿಕ್ ಬೋರ್ಡಿನೊಳಗೆ ಒಂದು ಸಾಲ್ಡರಿಂಗ್ ಐರನ್ ಇಟ್ಟು ನಾವು ನೀರು ಕಾಯುವುದನ್ನು ಕಾಯುತ್ತಿದ್ದೆವು!

ವೋಲ್ಟೇಜ್ ಕಡಿಮೆಯಾದಾಗ "ಕರೆಂಟ್ ಉಳಿಯಿತು" ಅನ್ನುವವರೂ ಇದ್ದಾರೆ. 180 ವೋಲ್ಟ್ ಬಂದರೆ ಇದೇ ರಾಡ್ 920 ವಾಟಿನಷ್ಟೇ ಕೆಲಸ ಮಾಡುತ್ತದೆ. ಆದರೆ ನೀರು ಅಷ್ಟೇ ಬಿಸಿಯಾಗಬೇಕಲ್ಲ, ಹೆಚ್ಚು ಹೊತ್ತು ಉರಿಸುತ್ತೇವೆ. ಯೂನಿಟ್ ಏನೂ ಉಳಿಯುವುದಿಲ್ಲ.

ಈಗ ಬಿಲ್ಲಿಗೆ ಬರೋಣ. ಸಾವಿರ ವಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 1500 ವಾಟಿನ ರಾಡ್ ದಿನಕ್ಕೆ 40 ನಿಮಿಷ ಉರಿದರೆ ಒಂದು ಯೂನಿಟ್, ತಿಂಗಳಿಗೆ 30. 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಇದೆ. ಹಿಂದಿನ ಸರಾಸರಿ ಬಳಕೆಯ ಮೇಲೆ ನಮ್ಮ ಉಚಿತ ಪಾಲು ನಿಗದಿಯಾಗಿದೆ. ಅದನ್ನು ದಾಟಿದರೆ ಹೆಚ್ಚಾದದ್ದಕ್ಕೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. 199ಕ್ಕೂ 201ಕ್ಕೂ ನಡುವೆ ಎರಡೇ ಯೂನಿಟ್, ಬಿಲ್ಲಿನಲ್ಲಿ ಮಾತ್ರ ದೊಡ್ಡ ಅಂತರ. ಇದು ಕಾಮರ್ಸ್ ಅಲ್ಲದೆ ಮತ್ತೇನು?

"ಇದಕ್ಕೆಲ್ಲ ಎಲೆಕ್ಟ್ರಿಷಿಯನ್ ಇದ್ದಾರೆ" ಎಂದು ಗೆಳತಿಯೊಬ್ಬಳು ಹೇಳಿದಳು. ನಿಜ, ವೈರಿಗೆ ಕೈ ಹಾಕುವ ಕೆಲಸ ಅವರದ್ದೇ, ನಾವು ಮಾಡಬಾರದು. ಆದರೆ ಅವರು ಬರುವುದು ಸುಟ್ಟ ಮೇಲೆ. ದಿನಾ ಸ್ವಿಚ್ ಒತ್ತುವವರು ನಾವು, ನಮ್ಮ ತಾಯಂದಿರು. ಸತ್ಯಮಂಗಲದಲ್ಲಿ ಕೈಗಾರಿಕಾ ಪ್ರದೇಶದ ಪಾಳಿ ಕೆಲಸಕ್ಕೆ ಹೋಗುವವರ ಮನೆಗಳು ಎಷ್ಟೋ ಇವೆ. ಅಲ್ಲಿ ಬೆಳಿಗ್ಗೆ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ರಾಡು, ಇಸ್ತ್ರಿ, ಮಿಕ್ಸಿ ಎಲ್ಲವೂ ಬೀಳುತ್ತವೆ. ಆರು ಆಂಪಿಯರ್ ಬೋರ್ಡು ತಡೆಯುವುದು 1380 ವಾಟ್ ಮಾತ್ರ. ಫ್ಯೂಸ್ ಹೋದರೆ ದಪ್ಪ ತಂತಿ ಕಟ್ಟಿಬಿಡುತ್ತೇವೆ. ಆಮೇಲೆ ಫ್ಯೂಸ್ ಬದಲು ಗೋಡೆಯೊಳಗಿನ ವೈರೇ ಸುಡಬೇಕು.

ನಮ್ಮ ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ. ಒಂದು ಶನಿವಾರ ಎರಡು ಪೀರಿಯಡ್ ಕಾಮರ್ಸ್ ಮತ್ತು ಆರ್ಟ್ಸ್ ವಿಭಾಗದವರನ್ನು ಫಿಸಿಕ್ಸ್ ಲ್ಯಾಬಿಗೆ ಕರೆಯಿರಿ. ಸೈನ್ಸ್ ವಿಭಾಗದ ಗೆಳೆಯರೇ ನಮಗೆ ಕಲಿಸಲಿ. ಪ್ರತಿಯೊಬ್ಬರೂ ಮನೆಯ ಸಾಮಾನುಗಳ ವಾಟ್ ಬರೆದುಕೊಂಡು ಬರಲಿ, ಆಂಪಿಯರ್ ಮತ್ತು ತಿಂಗಳ ಯೂನಿಟ್ ಲೆಕ್ಕ ಹಾಕಲಿ. ಅಂಕ ಬೇಡ, ಪರೀಕ್ಷೆಯೂ ಬೇಡ.

ನಾನು ಮನೆಯಲ್ಲಿ ಅಮ್ಮಿಗೆ ಇದನ್ನು ನಮ್ಮ ಉರ್ದುವಿನಲ್ಲೇ ಹೇಳಿಕೊಟ್ಟೆ. ರೋಧ ಅಂದರೆ 'ರುಕಾವಟ್' ಎಂದಾಗ ಅವರಿಗೆ ತಕ್ಷಣ ತಿಳಿಯಿತು. ರಾಡ್ ಈಗ 16 ಆಂಪಿಯರ್ ಸಾಕೆಟ್ಟಿನಲ್ಲಿದೆ. ಹೋದ ತಿಂಗಳು ಹೊಸ ಇಸ್ತ್ರಿಪೆಟ್ಟಿಗೆ ತರಲು ಹೋದಾಗ ಅಮ್ಮಿ ಬೆಲೆ ಕೇಳುವ ಮೊದಲು ಅಂಗಡಿಯವರನ್ನು ಕೇಳಿದ್ದು, "ಎಷ್ಟು ವಾಟ್?"