ಪಿಯಾನೊ ಪಾಠದ ಮಾರ್ಪಾಡು: ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ಬಹಿರಂಗ ಪತ್ರ



ಬೆಂಗಳೂರಿನಲ್ಲಿ ಪಿಯಾನೊ ಕಲಿಯುವ ಮಕ್ಕಳಲ್ಲಿ ಹಲವರು ಎಬಿಆರ್‌ಎಸ್‌ಎಂ ಅಥವಾ ಟ್ರಿನಿಟಿ ಎಂಬ ಲಂಡನ್ನಿನ ಮಂಡಳಿಗಳ ಗ್ರೇಡ್ ಪರೀಕ್ಷೆಗೆ ಕೂರುತ್ತಾರೆ. ಅಂಗವೈಕಲ್ಯ, ಆಟಿಸಂ, ಡಿಸ್ಲೆಕ್ಸಿಯಾ ಇರುವವರಿಗೆ ಹೆಚ್ಚುವರಿ ಸಮಯ, ದೊಡ್ಡ ಅಚ್ಚಿನ ಸ್ವರಲಿಪಿ ಮೊದಲಾದ ಅನುಕೂಲಗಳನ್ನು ಈ ಮಂಡಳಿಗಳು ಕೊಡುತ್ತವೆ. ಆದರೆ ಅವೆಲ್ಲ ಪರೀಕ್ಷೆಯ ದಿನದ ಅನುಕೂಲಗಳು. ಅದಕ್ಕೂ ಮೊದಲು ವರ್ಷಗಟ್ಟಲೆ ನಡೆಯುವ ಪಾಠ ಆಯಾ ಶಿಕ್ಷಕರ ತಿಳಿವಳಿಕೆಗೆ ಬಿಟ್ಟ ವಿಷಯ.

ಪಾಠದ ಮೊದಲ ತೊಡಕು ಸ್ವರಲಿಪಿ. ಐದೈದು ಗೆರೆಗಳ ಎರಡು ಸಾಲನ್ನು ಒಟ್ಟಿಗೆ ಓದುತ್ತ ಎರಡೂ ಕೈಯಿಂದ ನುಡಿಸುವುದು ರೂಢಿ. ಬ್ರೈಲ್‌ನಲ್ಲಿ ಇದು ಆಗದು. ಅಂಧ ವಿದ್ಯಾರ್ಥಿ ಒಂದು ಕೈಯಿಂದ ಚುಕ್ಕಿಗಳನ್ನು ಮುಟ್ಟಿ ಓದುತ್ತ ಇನ್ನೊಂದರಲ್ಲಿ ನುಡಿಸುತ್ತಾನೆ. ಬಲಗೈ, ಎಡಗೈ ಭಾಗಗಳನ್ನು ಬೇರೆಬೇರೆಯಾಗಿ ಬಾಯಿಪಾಠ ಮಾಡಿ ಆಮೇಲೆ ಜೋಡಿಸುತ್ತಾನೆ. ಹೀಗಾಗಿ ಬ್ರೈಲ್ ಪ್ರತಿ ಇತರರಿಗಿಂತ ಮುಂಚಿತವಾಗಿ ಅವನ ಕೈ ಸೇರಬೇಕು. ಡಿಸ್ಲೆಕ್ಸಿಯಾ ಇರುವ ಹಲವರಿಗೆ ಬಣ್ಣದ ಕಾಗದ, ಅಗಲ ಅಂತರದ ಅಚ್ಚು ನೆರವಾಗುತ್ತದೆ. ಆಟಿಸಂ ಇರುವ ಮಗುವಿಗೆ ತರಗತಿಯ ಕ್ರಮ ಮೊದಲೇ ತಿಳಿದಿರುವುದು, ಕೊಠಡಿ ಗದ್ದಲವಿಲ್ಲದಿರುವುದು ಮುಖ್ಯ.

ಓದುವುದನ್ನು ಹಿಂದಕ್ಕಿಟ್ಟು ಕೇಳಿ ಕಲಿಸುವ ದಾರಿಯೂ ಇದೆ. ಬ್ರಿಟನ್ನಿನ ಡೆರೆಕ್ ಪ್ಯಾರವಿಚಿನಿ ಅಂಧರು, ಆಟಿಸಂ ಇರುವವರು. ಸಂಗೀತ ಶಿಕ್ಷಕ ಆಡಂ ಆಕಲ್‌ಫರ್ಡ್ ಅವರ ಬಳಿ ಕಿವಿಯಿಂದಲೇ ಕಲಿತು ಪಿಯಾನೊ ಕಛೇರಿ ನೀಡಿದವರು. ಕರ್ನಾಟಕಕ್ಕೆ ಈ ಕ್ರಮ ಹೊಸದಲ್ಲ: ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿ, ಪುಟ್ಟರಾಜ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು.

ಎರಡನೆಯ ತೊಡಕು ದೇಹ ಮತ್ತು ವಾದ್ಯದ ಹೊಂದಾಣಿಕೆ. ಕಾಲಿನಿಂದ ಪೆಡಲ್ ಒತ್ತಲಾಗದವರಿಗೆ ಪೆಡಲ್ ಬೇಡದ ಕೃತಿಗಳನ್ನು ಆರಿಸಬಹುದು. ಒಂದೇ ಕೈಯವರಿಗೆ ಗಂಭೀರ ಕೃತಿಗಳೇ ಇವೆ: ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಿಯಾನೊ ವಾದಕ ಪೌಲ್ ವಿಟ್‌ಗೆನ್‌ಸ್ಟೈನ್‌ಗಾಗಿ ಸಂಯೋಜಕ ರವೆಲ್ ಬರೆದ ಎಡಗೈ ಕನ್ಸರ್ಟೊ 1932ರಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿಯಿತು. ಇಂಥ ಕೃತಿಗಳು ಪಾಠಪಟ್ಟಿಯಲ್ಲೇ ಇದ್ದರೆ ವಿದ್ಯಾರ್ಥಿ ವಿನಾಯಿತಿ ಬೇಡಬೇಕಾಗಿಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದಲ್ಲಿ ಆಟಿಸಂ ಮತ್ತು ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಗಳೂ ಸೇರಿವೆ. ಕಲಾ ವಿಷಯಗಳ ಕೋರ್ಸುಗಳನ್ನು ಅಂಗವಿಕಲರೂ ಭಾಗವಹಿಸುವಂತೆ ಮರುರೂಪಿಸಬೇಕೆಂಬುದು ಅದರ 29ನೇ ಕಲಂ ಸರ್ಕಾರಕ್ಕೆ ವಹಿಸಿದ ಹೊಣೆ. ಲೋಪ ಗುರುತಿಸಿ ಪರಿಹಾರ ಶಿಫಾರಸು ಮಾಡುವ ಅಧಿಕಾರ 80ನೇ ಕಲಮಿನಡಿ ರಾಜ್ಯ ಆಯುಕ್ತರದು. ಸಂಗೀತ ಶಿಕ್ಷಕರಿಗೆ ತರಬೇತಿ, ಬ್ರೈಲ್ ಸ್ವರಲಿಪಿಯ ಪೂರೈಕೆ, ಕೇಳಿ ಕಲಿಯುವ ಕ್ರಮಕ್ಕೆ ಮಾನ್ಯತೆ, ಪ್ರವೇಶದ ವೇಳೆಯಲ್ಲೇ ಅಗತ್ಯಗಳ ಲಿಖಿತ ದಾಖಲೆ: ಈ ನಾಲ್ಕನ್ನು ಸರ್ಕಾರಕ್ಕೆ ಶಿಫಾರಸು ಮಾಡಬೇಕೆಂದು ಕೋರಿಕೆ.